ನಾನು ಕತ್ತರಿಸಿದ ಟೈ ರಾಡ್

ನಾನು ಅದನ್ನು ಕತ್ತರಿಸಿದ್ದೆ. ಕತ್ತರಿಸಿ, ನಡುವಿನಿಂದ ಎರಡು ಮಿಲಿಮೀಟರಿನಷ್ಟು ತೆಗೆದು, ಮತ್ತೆ ಅಂಟಿಸಿ, ಉಜ್ಜಿ, ಹೊಳಪು ಕೊಟ್ಟು, ಏನೂ ಆಗಿಲ್ಲವೆಂಬಂತೆ ಬಸ್ಸಿನ ಹೊಟ್ಟೆಯೊಳಗೆ ಕೂರಿಸಿದ್ದೆ. ಆಮೇಲೆ ಮಂಜಣ್ಣ ಕೇಳಿದಾಗ — ಹೇಗೆ ಮಾಡಿದೆ ಎಂದು ಅಷ್ಟು ಆಸೆಯಿಂದ ಕೇಳಿದಾಗ — ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ಅವರು ಮೂವತ್ತು ವರ್ಷ ಹಿಡಿದಿದ್ದ ಸ್ಟೇರಿಂಗ್ ಬಿಟ್ಟರು.

ಇಲ್ಲಿ ಬಸ್ಸುಗಳು ಎರಡು. ಒಂದು ನಿಜವಾದದ್ದು, ಕುಶಾಲನಗರದಿಂದ ಸಿದ್ದಾಪುರದ ಮೇಲೆ ವಿರಾಜಪೇಟೆಗೆ ಹೋಗುವ ಖಾಸಗಿ ಬಸ್ಸು. ಮಂಜಣ್ಣ ಅದರ ಡ್ರೈವರ್ ಆಗಿದ್ದರು. ಇನ್ನೊಂದು ನನ್ನ ಮೇಜಿನ ಮೇಲಿನದು, ಮೊಳದುದ್ದದ್ದು, ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟಿದ್ದು. ಮಕ್ಕಳು ಒಂದರ ಮೇಲೊಂದು ಒತ್ತಿ ಮನೆ ಕಟ್ಟುತ್ತಾರಲ್ಲ, ಮೇಲೆ ಗುಂಡನೆಯ ಉಬ್ಬುಗಳಿರುವ ಇಟ್ಟಿಗೆ, ಅವೇ. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ನಮ್ಮ ಮನೆಯವರು ಕೇಳಿ ಕೇಳಿ ಸುಸ್ತಾಗಿ ಈಗ ಬಿಟ್ಟಿದ್ದಾರೆ.

ನನ್ನ ಕಸುಬು ಹಲ್ಲು ಮಾಡುವುದು. ಡಾಕ್ಟರಲ್ಲ — ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಹೊಂದುವ ಕ್ಯಾಪು, ಸೆಟ್ಟು ಮಾಡಿಕೊಡುವವಳು ನಾನು. ಕುಶಾಲನಗರದಲ್ಲಿ ಒಂದು ಮಹಡಿಯ ಮೇಲೆ ಸಣ್ಣ ಲ್ಯಾಬ್ ಇದೆ. ಕೊರೊನಾ ಕಾಲದಲ್ಲಿ ಪರಿಚಯದ ಡಾಕ್ಟರೊಬ್ಬರು ತಮ್ಮ ಕ್ಲಿನಿಕ್ಕಿನಲ್ಲಿ ಮಕ್ಕಳು ಆಡಲೆಂದು ಇಟ್ಟಿದ್ದ ಇಟ್ಟಿಗೆಗಳ ಬುಟ್ಟಿಯನ್ನು ಎಸೆಯಲು ಹೊರಟಿದ್ದರು. ನಾನು ತಂದು ಸೋಪು ನೀರಿನಲ್ಲಿ ತೊಳೆದು ಒಣಗಿಸಿದೆ. ಕೆಲಸವಿರಲಿಲ್ಲ, ಯಾರೂ ಬಾಯಿ ತೆರೆಯದ ಕಾಲ ಅದು. ಸುಮ್ಮನೆ ಕೂತು ಒಂದು ಬಸ್ಸು ಕಟ್ಟಿದೆ. ಯಾಕೆ ಬಸ್ಸು? ನನ್ನ ಕಿಟಕಿಗೆ ಬಸ್ ನಿಲ್ದಾಣ ಕಾಣುತ್ತದೆ, ಅದಕ್ಕೇ ಇರಬೇಕು.

ಅದಾಗಿ ಒಂದು ವರ್ಷಕ್ಕೆ ಮಂಜಣ್ಣ ಲ್ಯಾಬಿಗೆ ಬಂದರು. ಮುಂದಿನ ಹಲ್ಲಿಗೆ ಕ್ಯಾಪು ಹಾಕುವುದಿತ್ತು. ಮುಂದಿನ ಹಲ್ಲಾದರೆ ಬಣ್ಣ ಹೊಂದಿಸಲು ಜನರನ್ನೇ ನನ್ನ ಹತ್ತಿರ ಕಳಿಸುತ್ತಾರೆ. ಕಿಟಕಿಯ ಬೆಳಕಿಗೆ ಕೂರಿಸಿ, ಬಣ್ಣದ ಮಾದರಿ ಹಿಡಿದು ನೋಡುತ್ತಿದ್ದೆ. ಅವರ ಕಣ್ಣು ಮಾತ್ರ ಮೇಜಿನ ಮೇಲಿನ ಬಸ್ಸಿನ ಮೇಲೆ. ನಾನು ಕೈ ತೆಗೆದದ್ದೇ ತಡ, ಹೇಳಿದರು.

"ನಿನ್ ಬಸ್ಸು ತಿರುವಲ್ಲಿ ಟಯರು ತಿಂದಾಕ್ತದೆ ಕಣಮ್ಮ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಯಾಕೆ ಎಂದೆ. ಅವರು ಬಸ್ಸಿನ ಮುಂದಿನ ಎರಡು ಚಕ್ರಗಳನ್ನು ತಿರುಗಿಸಿ ತೋರಿಸಿದರು. ಎರಡೂ ಒಂದೇ ಸಮ ತಿರುಗುತ್ತಿದ್ದವು. ನಿಜವಾದ ಗಾಡಿಯಲ್ಲಿ ಹಾಗಾಗುವುದಿಲ್ಲವಂತೆ. ತಿರುವಿನಲ್ಲಿ ಒಳಗಿನ ಚಕ್ರದ್ದು ಸಣ್ಣ ಸುತ್ತು, ಹೊರಗಿನದ್ದು ದೊಡ್ಡ ಸುತ್ತು. ಅದಕ್ಕೇ ಒಳಗಿನದು ತುಸು ಹೆಚ್ಚು ತಿರುಗಬೇಕು. ಎರಡು ಚಕ್ರಗಳನ್ನು ಕೂಡಿಸುವ ಅಡ್ಡ ಸರಳಿಗೆ ಗ್ಯಾರೇಜಿನವರು ಟೈ ರಾಡ್ ಎನ್ನುತ್ತಾರೆ, ಎಲ್ಲ ಗುಟ್ಟು ಇರುವುದು ಅದರಲ್ಲಿ. ದಿನವೂ ಕಿಟಕಿಯಿಂದ ಬಸ್ಸು ನೋಡುವ ನನಗೆ ಇದು ಗೊತ್ತೇ ಇರಲಿಲ್ಲ. ಅಂದು ಸಂಜೆ ನಿಲ್ದಾಣಕ್ಕೆ ಇಳಿದುಹೋಗಿ, ಬಸ್ಸು ತಿರುಗುವಾಗ ಬಗ್ಗಿ ಚಕ್ರ ನೋಡಿದೆ. ನಿಜವೇ.

ಹಾಗೆ ಶುರುವಾಯಿತು. ವಾರಕ್ಕೊಂದು ದಿನ ಅವರ ರಜೆ, ಅಂದು ಲ್ಯಾಬಿಗೆ ಬರುತ್ತಿದ್ದರು. ಶನಿವಾರಸಂತೆ ಊರಿನ ಕಡೆಯವರು, ಐವತ್ತು ದಾಟಿದ ಮನುಷ್ಯ, ದೊಡ್ಡ ಅಂಗೈ. ಆ ಅಂಗೈಯಲ್ಲಿ ಅಕ್ಕಿಕಾಳಿನಂಥ ತುಂಡುಗಳನ್ನು ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಅವರೇ ಓಡಿಸುವ ಬಸ್ಸನ್ನು ಇದ್ದದ್ದು ಇದ್ದ ಹಾಗೆ ಕಟ್ಟುವುದೆಂದು ನಿಶ್ಚಯವಾಯಿತು. ಹಿಂದಿನ ಏಣಿ, ಮೇಲಿನ ಕ್ಯಾರಿಯರ್, ಒಂದು ಕಡೆ ತಗ್ಗಿದ ಬಂಪರ್, ಎಲ್ಲ. ನಾನು ಅಳತೆ ಮಾಡಿ ಚಿತ್ರ ಬರೆಯುವುದು, ಅವರು "ಹಿಂಗಿಲ್ಲ" ಎನ್ನುವುದು. ಹಿಂಗಿಲ್ಲ ಎಂದರೆ ಮುಗಿಯಿತು, ಬಿಚ್ಚಬೇಕು.

ಈ ಕೆಲಸಕ್ಕೆ ಒಂದು ನೇಮವಿದೆ. ಲೋಕದಲ್ಲಿ ಇಂಥ ಮಾದರಿ ಕಟ್ಟುವವರೆಲ್ಲ ಬಹುಮಟ್ಟಿಗೆ ಒಪ್ಪಿಕೊಂಡದ್ದು: ತುಂಡುಗಳನ್ನು ಕತ್ತರಿಸಬಾರದು, ಅಂಟು ಹಾಕಬಾರದು. ಸಿಕ್ಕಿದ ಅಳತೆಯಲ್ಲೇ ದಾರಿ ಹುಡುಕಬೇಕು. ಮಂಜಣ್ಣ ಇದನ್ನು ಕೇಳಿದ ದಿನವೇ ವ್ರತದ ಹಾಗೆ ಹಿಡಿದರು. "ಬಿಚ್ಚಿ ಮತ್ತೆ ಜೋಡ್ಸಕ್ ಬರ್ಬೇಕು. ಇಲ್ದಿದ್ರೆ ಅದು ಬೊಂಬೆ, ಗಾಡಿ ಅಲ್ಲ" ಎನ್ನುತ್ತಿದ್ದರು. ಇನ್ನೊಂದು ನೇಮವನ್ನು ತಾವೇ ಸೇರಿಸಿದ್ದರು — ಒಬ್ಬರು ಕಟ್ಟಿದ್ದನ್ನು ಅವರನ್ನು ಕೇಳದೆ ಇನ್ನೊಬ್ಬರು ಬಿಚ್ಚಬಾರದು.

ಎಲ್ಲ ಆಯಿತು, ಟೈ ರಾಡ್ ಮಾತ್ರ ಆಗಲಿಲ್ಲ. ತುಂಡುಗಳು ಮೂರು ಉಬ್ಬಿನದು, ನಾಲ್ಕು ಉಬ್ಬಿನದು ಎಂದು ಇಡೀ ಅಳತೆಯಲ್ಲೇ ಬರುತ್ತವೆ. ನಮಗೆ ಬೇಕಾದದ್ದು ನಡುವಿನ ಅಳತೆ. ಉದ್ದದ್ದನ್ನು ಹಾಕಿದರೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಒಂದಳತೆ ಗಿಡ್ಡದ್ದು ಹಾಕಿದರೆ ಎರಡು ಚಕ್ರವೂ ಮಾಲುಗಣ್ಣಿನ ಹಾಗೆ ಒಂದನ್ನೊಂದು ನೋಡುತ್ತಿದ್ದವು. ಮೂರು ತಿಂಗಳು ಇದೇ ಆಯಿತು. ಅಷ್ಟರಲ್ಲಿ ಮೈಸೂರಿನಲ್ಲಿ ಇಂಥ ಮಾದರಿ ಕಟ್ಟುವವರೆಲ್ಲ ಸೇರಿ ಒಂದು ಪ್ರದರ್ಶನ ಇಡುವುದಾಗಿ ತಿಳಿಯಿತು. ಹೆಸರು ಕೊಟ್ಟೆವು. ಪ್ರದರ್ಶನಕ್ಕೆ ಹತ್ತು ದಿನವಿರುವಾಗ ಮಂಜಣ್ಣ ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದರು.

ಅವರು ಊರಲ್ಲಿದ್ದಾಗ ಒಂದು ಮಧ್ಯಾಹ್ನ, ಊಟವಾದ ಮೇಲೆ. ಅಂದು ಅಜ್ಜಿಯೊಬ್ಬರ ಒಡೆದ ಹಲ್ಲಿನ ಸೆಟ್ ಕೂಡಿಸಿ ಮುಗಿಸಿದ್ದೆ. ಕತ್ತರಿಸುವ ತೆಳು ಡಿಸ್ಕು ಕೈಯಲ್ಲೇ ಇತ್ತು. ಒಡೆದ ಸೆಟ್ ಕೂಡಿಸುವ ದ್ರವ ಬಟ್ಟಲಲ್ಲಿ ಉಳಿದಿತ್ತು. ಇದು ಇಟ್ಟಿಗೆಯ ಪ್ಲಾಸ್ಟಿಕ್ಕನ್ನೂ ಹಿಡಿಯುತ್ತದೆಯೇ? — ನಿಜವಾಗಿ ಮೊದಲು ಬಂದದ್ದು ಈ ಪ್ರಶ್ನೆ ಮಾತ್ರ. ಹಿಡಿಯಿತು. ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಕೂಡಿಸಿದ ಗೆರೆಯನ್ನು ಉಗುರಿನಿಂದಲೂ ಹುಡುಕಲಾಗಲಿಲ್ಲ. ಇಲ್ಲದ ಹಲ್ಲನ್ನು ಇರುವ ಹಲ್ಲಿನಂತೆ ಕಾಣಿಸುವುದೇ ಅನ್ನ ಕೊಡುವ ವಿದ್ಯೆಯಾದವಳಿಗೆ ಇದೇನು ದೊಡ್ಡದು. ಸದ್ಯಕ್ಕೆ ಪ್ರದರ್ಶನಕ್ಕೆ ಇರಲಿ, ಸರಿಯಾದ ದಾರಿ ಆಮೇಲೆ ಹುಡುಕಿದರಾಯಿತು ಎಂದುಕೊಂಡೆ.

ಮಂಜಣ್ಣ ವಾಪಸು ಬಂದವರು ಬಸ್ಸಿನ ಸ್ಟೇರಿಂಗ್ ತಿರುಗಿಸಿದರು. ಒಳಗಿನ ಚಕ್ರ ಹೆಚ್ಚು, ಹೊರಗಿನದು ಕಡಿಮೆ. ಮತ್ತೆ ಆ ಕಡೆಗೆ ತಿರುಗಿಸಿದರು. ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೆಂಗ್ ಮಾಡ್ದೆ ಸವಿತಮ್ಮ?" ಎಂದರು.

ಆಗ ಹೇಳಬಹುದಿತ್ತು. ಒಂದು ಉಸಿರಿನ ಮಾತು — ಕತ್ತರಿಸಿದೆ ಮಂಜಣ್ಣ, ಪ್ರದರ್ಶನಕ್ಕೆ ಮಾತ್ರ. ಅವರು ಬೈಯುತ್ತಿದ್ದರು, ಮುಗಿಯುತ್ತಿತ್ತು. ಆದರೆ ಆ ಮುಖ... ಮೂವತ್ತು ವರ್ಷ ಗಾಡಿ ಓಡಿಸಿದವರು ನನ್ನನ್ನು ಹಾಗೆ ನೋಡುತ್ತಿದ್ದರು. ನನ್ನ ಕೆಲಸದಲ್ಲಿ ಯಾರೂ ಹಾಗೆ ನೋಡುವುದಿಲ್ಲ. ನಾನು ಮಾಡಿದ ಹಲ್ಲು ಚೆನ್ನಾಗಿದೆ ಎಂದರೆ ಅದನ್ನು ಯಾರೂ ಗಮನಿಸಲಿಲ್ಲ ಎಂದೇ ಅರ್ಥ. ಇದನ್ನು ಸಬೂಬಾಗಿ ಹೇಳುತ್ತಿಲ್ಲ. ಹೇಗಾಯಿತೆಂದು ನನಗೇ ತಿಳಿಯಬೇಕಾಗಿದೆ, ಅದಕ್ಕೆ ಹೇಳುತ್ತಿದ್ದೇನೆ.

"ಎಲ್ಲ ಬೆರಳಲ್ಲಿದೆ ಮಂಜಣ್ಣ," ಎಂದೆ. "ತಾಳ್ಮೆಯಿಂದ ಕೂರಿಸಿದ್ರೆ ಕೂರುತ್ತೆ."

ಬೆರಳಲ್ಲಿದೆ ಎಂದೆ. ಬೇರೆ ಯಾವ ಸುಳ್ಳೂ ಬಾಯಿಗೆ ಬರಲಿಲ್ಲವೇ? ಇಷ್ಟು ವರ್ಷ ಯೋಚಿಸಿದ್ದೇನೆ. ತುಂಡು ಹಳೆಯದು, ಸವೆದಿತ್ತು ಎನ್ನಬಹುದಿತ್ತು. ಅದೃಷ್ಟ ಎನ್ನಬಹುದಿತ್ತು. ನನ್ನ ಬೆರಳನ್ನು ಹೊಗಳಿಕೊಳ್ಳುವ ಆಸೆ ಬಿಟ್ಟರೆ ಆ ಮಾತಿಗೆ ಬೇರೆ ಕಾರಣವಿಲ್ಲ.

ಮೈಸೂರಿನಲ್ಲಿ ಜನ ಮಂಡಿಯೂರಿ ಕೂತು ಬಸ್ಸಿನ ಅಡಿ ನೋಡಿದರು. ಯಾರೋ ನನ್ನ ವಿವರಣೆಯನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಮಂಜಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತು, "ನಂದೇನಿಲ್ಲ, ಎಲ್ಲ ಈಯಮ್ಮಂದೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಊರಿಗೆ ಬಂದ ಮೇಲೆ ಮಾದರಿ ಕಟ್ಟುವವರ ಮೊಬೈಲ್ ಗುಂಪಿನಲ್ಲಿ ಎಲ್ಲರೂ ಕೇಳಿದರೆಂದು ಹಂತಹಂತವಾಗಿ ಚಿತ್ರ ಬರೆದು ಹಾಕಿದೆ. ಟೈ ರಾಡಿನ ಜಾಗದಲ್ಲಿ ಕತ್ತರಿಸದ ಉದ್ದದ ತುಂಡನ್ನೇ ಬರೆದೆ. ಕೈಯಾರೆ ಸುಳ್ಳು ಚಿತ್ರ.

ಆ ಚಿತ್ರ ನೋಡಿಕೊಂಡು ಮಂಜಣ್ಣ ತಮ್ಮದೇ ಒಂದು ಗಾಡಿಗೆ ಕೈ ಹಾಕಿದರು. ಚಿಕ್ಕ ವಯಸ್ಸಿನಲ್ಲಿ ಕಾಫಿ ಮೂಟೆ ಹೇರಿಕೊಂಡು ಹೋಗುತ್ತಿದ್ದ ಲಾರಿ, ಅವರು ಮೊದಲು ಕಲಿತದ್ದು. ಕ್ಯಾಬಿನ್ನು, ಮರದ ಪಟ್ಟಿಯ ಬಾಡಿ ಎಲ್ಲ ಅಂದವಾಗಿ ಬಂತು. ಟೈ ರಾಡ್ ಕೂರಲಿಲ್ಲ. ಹೇಗೆ ಕೂತೀತು? ಒತ್ತಿದರೆ ಬಿಗಿ, ತಿರುಗಿಸಿದರೆ ಕಟಕ್ಕೆಂದು ಕಳಚಿಕೊಳ್ಳುವುದು. ವಾರ ವಾರ ಬಂದು ನನ್ನೆದುರು ಕೂತು ಪ್ರಯತ್ನಿಸುತ್ತಿದ್ದರು. ನಾನು ಉಪಾಯ ಹೇಳಿಕೊಡುತ್ತಿದ್ದೆ — ಸ್ವಲ್ಪ ಬಿಸಿಲಿಗಿಡಿ, ಇನ್ನೊಂದು ತುಂಡು ಹಾಕಿ ನೋಡಿ. ಒಂದು ದಿನ, "ನಿಂದನ್ನ ಒಂದ್ಸಲ ಬಿಚ್ಚಿ ನೋಡ್ಲಾ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನ ಕೈ ತಾನಾಗಿ ಬಸ್ಸಿನ ಮೇಲೆ ಹೋಯಿತು. ಬಿಚ್ಚಿದರೆ ಸಡಿಲ ಆಗುತ್ತೆ ಮಂಜಣ್ಣ, ಎಂದೆ. ಬಿಚ್ಚಲು ಬರದಿದ್ದರೆ ಅದು ಗಾಡಿಯಲ್ಲ ಎಂದಿದ್ದ ಮನುಷ್ಯ ಒಂದು ಗಳಿಗೆ ನನ್ನನ್ನೇ ನೋಡಿ, ತಮ್ಮ ಲಾರಿಯನ್ನು ಮತ್ತೆ ಕೈಗೆತ್ತಿಕೊಂಡರು.

ಇನ್ನೊಂದು ದಿನ ಅವರು ಬೇರೆಯೇ ಒಂದು ಮಾತು ಎತ್ತಿದರು. "ಮೆಣಸು ಕೀಳೋ ಏಣಿ ನೋಡು. ಓರೆ ಇಟ್ರೆ ಮೇಲಿಂದ ನೋಡೋರಿಗೆ ಅದು ಗಿಡ್ಡ ಕಾಣ್ತದಲ್ವಾ. ಈ ರಾಡ್‌ನೂ ಒಂದ್ ತುದಿ ಎತ್ತಿ ಓರೆ ಮಾಡಿದ್ರೆ?" ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ನನ್ನ ಚಿತ್ರದಲ್ಲಿ ನೆಟ್ಟಗಿದೆಯಲ್ಲ, ಹಾಗೇ ಮಾಡಿ, ಎಂದುಬಿಟ್ಟೆ. ಅವರು ತಲೆಯಾಡಿಸಿ ಮತ್ತೆ ನೆಟ್ಟಗೆ ಕೂರಿಸಲು ಶುರುಮಾಡಿದರು.

ಆಗ ನನಗೆ ಗೊತ್ತಿಲ್ಲದ, ಆಮೇಲೆ ಅವರ ಹೆಂಡತಿಯಿಂದ ತಿಳಿದ ಒಂದು ಸಂಗತಿಯಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಬೆರಳ ತುದಿಗೆ ಆಗಾಗ ಜೋಮು ಹಿಡಿಯುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ನೋಡಿಕೊಂಡು ಇರಿ ಎಂದಿದ್ದರಂತೆ. ಗಾಡಿ ಬಿಡಿ ಎಂದು ಯಾರೂ ಹೇಳಿರಲಿಲ್ಲ. ಅವರು ತಮ್ಮ ಬೆರಳನ್ನು ತಾವೇ ಪರೀಕ್ಷಿಸಿಕೊಳ್ಳುತ್ತಿದ್ದರು — ನನ್ನ ಮೇಜಿನ ಮುಂದೆ, ನನ್ನ ಸುಳ್ಳು ಚಿತ್ರ ಎದುರಿಗಿಟ್ಟುಕೊಂಡು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಂದರು. ರಜೆಯ ದಿನವಲ್ಲ. ಅರ್ಧ ಆದ ಲಾರಿಯನ್ನೂ ಉಳಿದ ತುಂಡುಗಳನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಗಾಡಿ ಬಿಟ್ಟೆ ಕಣಮ್ಮ. ಓನರ್‌ಗೆ ಹೇಳ್ಬಿಟ್ಟೆ. ಬೆರಳಲ್ಲಿದೆ ಅಂದೆ ನೀನು, ನನ್ ಬೆರಳಲ್ಲಿ ಅದಿಲ್ಲ. ಇಷ್ಟು ಕೂರ್ಸಕ್ಕಾಗದ ಕೈಲಿ ಐವತ್ತು ಜನ ಕೂರಿಸ್ಕೊಂಡು ತಿರುವು ಹೆಂಗ್ ತಿರುಗಿಸ್ಲಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಿತ್ತು, ಆ ಮನುಷ್ಯ ತಮ್ಮ ಕಾಲನ್ನು ಬೈದುಕೊಂಡು ಕುಣಿತ ಬಿಟ್ಟರು. ನೆಲವನ್ನು ಡೊಂಕು ಮಾಡಿದವಳು ಎದುರಿಗೇ ಕೂತಿದ್ದೆ. ಆ ಗಳಿಗೆಯಲ್ಲಾದರೂ... ಬಾಯಿ ತೆರೆದೆ. ತೆರೆದು, "ಒಳ್ಳೇದೇ ಆಯ್ತು ಬಿಡಿ, ಎಷ್ಟು ದಿನ ಅಂತ ಓಡಿಸ್ತೀರಾ, ರೆಸ್ಟ್ ಸಿಗುತ್ತೆ" ಎಂದೆ. ನಾನು ಮಾಡಿದ್ದರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಕೇಳಿದರೆ, ಕತ್ತರಿಸಿದ್ದಲ್ಲ, ಈ ಮಾತು ಎನ್ನುತ್ತೇನೆ.

ಆಮೇಲೆ ಅವರು ನಿಲ್ದಾಣದಲ್ಲಿ ಬಸ್ಸುಗಳ ಸಮಯ ನೋಡಿಕೊಳ್ಳುವ ಕೆಲಸಕ್ಕೆ ನಿಂತರು. "ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ" ಎಂದು ಕೂಗಿ ಜನ ಹತ್ತಿಸುವುದು, ಹೊರಡುವ ಹೊತ್ತಾಯಿತೆಂದು ಬಸ್ಸಿನ ಮೈ ತಟ್ಟುವುದು. ನನ್ನ ಕಿಟಕಿಗೆ ಆ ಕೂಗು ಕೇಳುತ್ತಿತ್ತು. ಅವರ ಹೆಂಡತಿ ಜಯಕ್ಕ ಒಮ್ಮೆ ಹಲ್ಲಿನ ಬಣ್ಣ ಹೊಂದಿಸಿಕೊಳ್ಳಲು ಬಂದಾಗ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವರು ಬೆರಳನ್ನು ಒಂದೊಂದಾಗಿ ಮಡಿಸಿ ನೋಡಿಕೊಳ್ಳುತ್ತಾರೆ ಎಂದರು. ನಾನು ಅಚ್ಚಿನ ಪುಡಿ ಕಲಸುತ್ತಾ ಹೂಂ ಎಂದೆ. ನಾಲ್ಕು ವರ್ಷ ಹೀಗೆ ಹೂಂ ಎನ್ನುತ್ತಾ ಕಳೆದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವ ಹಾಗೆ ಆಯಿತು, ಬರಬರುತ್ತಾ ಕೊಡಲಿಯೂ ಸಾಲದಾಯಿತು.

ಈ ಬೇಸಿಗೆಯಲ್ಲಿ ಲ್ಯಾಬಿಗೆ ಸುಣ್ಣ ಬಳಿಸುವಾಗ ಆ ಬಿಸ್ಕತ್ತಿನ ಡಬ್ಬಿ ಕೈಗೆ ಬಂತು. ಅದನ್ನು ನಾನು ತೆರೆದೇ ಇರಲಿಲ್ಲ. ಏನು ಉಳಿಸಿಹೋಗಿದ್ದಾರೆ ನೋಡೋಣ ಎನಿಸಿತು. ಡಬ್ಬಿಯಲ್ಲಿ ಲಾರಿಯ ಕೆಳಗೆ ಚಕ್ರ, ಸ್ಟೇರಿಂಗ್ ಸಮೇತ ಇನ್ನೊಂದು ಮುಂಭಾಗ ಇತ್ತು, ಬೇರೆಯಾಗಿ ಕಟ್ಟಿದ್ದು, ನನಗೆ ಎಂದೂ ತೋರಿಸದೇ ಇದ್ದದ್ದು. ಅದರಲ್ಲಿ ಟೈ ರಾಡನ್ನು ಓರೆಯಾಗಿ ಹಾಕಿದ್ದರು. ಒಂದು ತುದಿ ಕೆಳಗೆ, ಇನ್ನೊಂದು ತುದಿ ಮೇಲಕ್ಕೆತ್ತಿದ್ದು, ಏಣಿಯ ಹಾಗೆ. ಮೇಲಿನ ತುದಿ ನಿಲ್ಲಲು ಒಂದು ಆಸರೆ ಬೇಕಿತ್ತು, ಅದನ್ನು ಇಟ್ಟಿರಲಿಲ್ಲ. ಅಲ್ಲಿಗೆ ಕೈಬಿಟ್ಟಿದ್ದರು. ನಾನು ಎರಡು ಸಣ್ಣ ತುಂಡು ತಂದು ಆಸರೆ ಕೊಟ್ಟು ಸ್ಟೇರಿಂಗ್ ತಿರುಗಿಸಿದೆ.

ತಿರುಗಿತು. ಒಳಗಿನದು ಹೆಚ್ಚು, ಹೊರಗಿನದು ಕಡಿಮೆ. ಕತ್ತರಿಯಿಲ್ಲ, ಅಂಟಿಲ್ಲ. ನನ್ನ ಕತ್ತರಿಸಿದ ತುಂಡಿಗಿಂತ ಹಗುರವಾಗಿ ತಿರುಗಿತು.

ಬಹಳ ಹೊತ್ತು ಅದನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕೂತೆ. ಅಳು ಬರಲಿಲ್ಲ, ಆಶ್ಚರ್ಯವಾಗುತ್ತಿತ್ತು. ದಾರಿ ಇತ್ತು. ಅವರು ಅದನ್ನು ಕಂಡಿದ್ದರು. ಎರಡು ತುಂಡಿನಷ್ಟು ದೂರದಲ್ಲಿ ನಿಂತಿದ್ದವರನ್ನು ಹಿಂದಕ್ಕೆ ಕರೆದು, ಇಲ್ಲದ ದಾರಿಗೆ ಕಳಿಸಿದವಳು ನಾನು.

ಮೊದಲು ಗುಂಪಿನಲ್ಲಿ ಬರೆದೆ. ನಾನು ಹಾಕಿದ ಚಿತ್ರ ಸುಳ್ಳು, ತುಂಡು ಕತ್ತರಿಸಿದ್ದೆ, ನಿಜವಾದ ದಾರಿ ಕಂಡವರು ಬೇರೆಯವರು ಎಂದು ಅವರ ಹೆಸರು ಹಾಕಿದೆ. ನಗುವ ಮುಖಗಳು ಬಂದವು. ಎಲ್ಲರೂ ಒಂದಲ್ಲ ಒಂದು ದಿನ ಕತ್ತರಿಸಿದ್ದೇವೆ ಬಿಡಿ ಎಂದು ಯಾರೋ ಬರೆದರು. ಗಂಟೆಯೊಳಗೆ ಕ್ಷಮೆ ಸಿಕ್ಕಿತು. ಅದು ಯಾವ ಲೆಕ್ಕಕ್ಕೂ ಬಾರದ ಕ್ಷಮೆ ಎಂದು ಗೊತ್ತಿತ್ತು. ಮರುದಿನ ನನ್ನ ಕತ್ತರಿಸಿದ ತುಂಡು, ಅವರ ಓರೆ ರಾಡಿನ ಮುಂಭಾಗ ಎರಡನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ನಿಲ್ದಾಣಕ್ಕೆ ಇಳಿದೆ.

ವಿರಾಜಪೇಟೆ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಸಿಮೆಂಟಿನ ಬೆಂಚಿನ ಮೇಲೆ ಅವರ ಪಕ್ಕ ಕೂತು, ನಡುವೆ ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಒಂದೇ ಸಮ ಹೇಳಿದೆ. ಕತ್ತರಿಸಿದ್ದು, ಅಂಟಿಸಿದ್ದು, ಬೆರಳಲ್ಲಿದೆ ಎಂದದ್ದು. ಕತ್ತರಿಸಿದ ತುಂಡನ್ನು ಅವರ ಅಂಗೈಯಲ್ಲಿಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದರು. "ಎಷ್ಟು ತೆಗ್ದೆ?"

"ಎರಡು ಮಿಲಿಮೀಟರ್."

"ಎಲ್ಲಿ, ನಡುವೆನಾ? ಗೆರೆನೇ ಕಾಣಲ್ಲ ಬಿಡು." ಕೆಲಸ ಬಲ್ಲವರು ಕೆಲಸ ನೋಡುವ ದನಿ ಅದು. ನನಗೆ ಒಂದು ಕ್ಷಣ, ಇಷ್ಟೇನಾ ಎನಿಸಿತು. ಅವರ ಓರೆ ರಾಡನ್ನು ತೆಗೆದುಕೊಟ್ಟೆ. ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ನಾನಿಟ್ಟ ಎರಡು ತುಂಡುಗಳ ಮೇಲೆ ಹೆಬ್ಬೆರಳಾಡಿಸಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು. ಆಮೇಲೆ ಅವರ ಕೈ ನಿಂತಿತು.

"ಹಂಗಾರೆ ಅವತ್ತು ನನ್ ಕೈ ಸರಿ ಇತ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಕೇಳಿದರು. ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದರು. ಸರಿ ಇತ್ತು ಮಂಜಣ್ಣ, ಎಂದೆ. ಹೇಳಿದ ಮೇಲೆ ಹೊಳೆಯಿತು — ಅದೂ ನನಗೆ ಗೊತ್ತಿಲ್ಲ. ಟೈ ರಾಡಿಗೆ ಸರಿ ಇದ್ದ ಕೈ ರಸ್ತೆಗೂ ಸರಿ ಇತ್ತೇ? ಇನ್ನೊಂದು ವರ್ಷ ಓಡಿಸಬಹುದಿತ್ತೇ, ಹತ್ತು ವರ್ಷವೇ, ಅಥವಾ ಬಿಟ್ಟದ್ದೇ ಸರಿಯಾಯಿತೇ? ಈಗ ಯಾರಿಗೂ ತಿಳಿಯುವುದಿಲ್ಲ. ಅವರಿಗೆ ತಿಳಿಯುವ ದಾರಿಯಿತ್ತು, ನಾನು ಅದನ್ನು ಮುಚ್ಚಿದೆ. ಆದರೂ ನನ್ನ ಮಾತನ್ನು ತಿದ್ದಿದೆ. ಅಷ್ಟಾದರೂ ಮಾಡಿದೆ. "ಇದಕ್ಕೆ ಸರಿ ಇತ್ತು. ಗಾಡಿದು ನಂಗೆ ಗೊತ್ತಿಲ್ಲ ಮಂಜಣ್ಣ" ಎಂದೆ.

ಅವರು ಎದ್ದರು. ಬಸ್ಸಿನ ಹತ್ತಿರ ಹೋಗಿ, ಎಂದಿನ ಹಾಗೆ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸಿದರು. ಬಸ್ಸು ಹೊರಟು ತಿರುಗುವಾಗ ಅದರ ಮುಂದಿನ ಚಕ್ರಗಳನ್ನು ನೋಡುತ್ತಾ ನಿಂತಿದ್ದರು. ಹಿಂದಿರುಗಿ ಬಂದು ಓರೆ ರಾಡನ್ನು ಮಾತ್ರ ಎತ್ತಿಕೊಂಡರು.

"ನಾನಾಗಿ ಕರಿಯೋವರ್ಗೂ ಬರ್ಬೇಡಮ್ಮ," ಎಂದರು.

ಹತ್ತೊಂಬತ್ತು ದಿನವಾಯಿತು. ಕರೆದಿಲ್ಲ. ಕರೆಯಲೇಬೇಕೆಂದೂ ಇಲ್ಲ. ನಾನು ಲ್ಯಾಬಿಗೆ ಈಗ ನಿಲ್ದಾಣದ ಮುಂದೆ ಹಾಯದೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತೇನೆ. ಅವರು ಬರಬೇಡ ಎಂದಿದ್ದಾರೆ, ಆ ಒಂದು ಮಾತನ್ನಾದರೂ ಸರಿಯಾಗಿ ನಡೆಸುತ್ತೇನೆ.